ಡಯಾಲಿಸಿಸ್ ವ್ಯಾನಿನ ಅತ್ತೆ

ಅತ್ತೆಯ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ನುಣ್ಣಗೆ ಹೊಳೆಯುತ್ತಿತ್ತು. ಬೆಂದು ವಾಸಿಯಾದ ಚರ್ಮ ಅದು. ಮಾವ ತೀರಿಕೊಂಡ ಮೇಲೆ, ಅವರು ಬಾಡಿಗೆಗೆ ಓಡಿಸುತ್ತಿದ್ದ ಹಳೇ ವ್ಯಾನನ್ನು ನಡೆಸಲು ಕಲಿಯಹೊರಟ ಅತ್ತೆ, ಎಂಜಿನ್ ಕುದಿಯುತ್ತಿದ್ದಾಗಲೇ ರೇಡಿಯೇಟರಿನ ಮುಚ್ಚಳ ತಿರುಗಿಸಿದ್ದಳು. ಅವಳ ಮೈದುನ ಆಸ್ಪತ್ರೆಗೇ ಬಂದು, "ಹೆಂಗಸ್ರ ಕೈಗೆ ಬಗ್ಗೋ ಗಾಡಿ ಅಲ್ಲ ಅತ್ತಿಗೆ ಇದು. ಮಾರ್ಬಿಡೋಣ" ಅಂದ. ಅತ್ತೆ ಬ್ಯಾಂಡೇಜು ಸುತ್ತಿದ ಕೈಯನ್ನು ನೋಡಿಕೊಂಡು, "ಈಗ ತಾನೇ ಅದು ನನ್ನ ಮಾತಾಡ್ಸೈತೆ. ಮಾರಲ್ಲ" ಅಂದಳು. ಕಟ್ಟು ಬಿಚ್ಚಿದ ವಾರವೇ ಲೈಸೆನ್ಸಿಗೆ ಓಡಾಡತೊಡಗಿದಳು.

ಅವಳು ನನ್ನ ಅಪ್ಪನ ತಂಗಿ. ಅಪ್ಪನ ಕಿಡ್ನಿ ಕೈಕೊಟ್ಟಾಗ ಬೈರಕೂರಿನಿಂದ ಕೋಲಾರದ ಆಸ್ಪತ್ರೆಗೆ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಬೇಕಾಯಿತು. ಬಸ್ಸು ಬದಲಿಸಿ ಹೋಗಿ ಬರುವಷ್ಟರಲ್ಲಿ ಅಪ್ಪ ನೆಲಕ್ಕೆ ಬಿದ್ದುಹೋಗುತ್ತಿದ್ದರು. ಅತ್ತೆ ಯಾರನ್ನೂ ಕೇಳದೆ ಅಣ್ಣನನ್ನು ವ್ಯಾನಿಗೆ ಹತ್ತಿಸಿಕೊಂಡಳು. ದಾರಿಯ ಊರುಗಳಲ್ಲಿ ಅಂಥವರು ಇನ್ನೂ ಮೂವರಿದ್ದಾರೆಂದು ಗೊತ್ತಾದಾಗ ಅವರನ್ನೂ ಹತ್ತಿಸಿಕೊಂಡಳು.

ವ್ಯಾನಿನಲ್ಲಿ ಹಾಡು ಹಾಕಲು ಬಿಡುತ್ತಿರಲಿಲ್ಲ. ಎಂಜಿನ್ ಕಾದಾಗ ರೇಡಿಯೇಟರಿನ ಹಿಂದಿರುವ ಎರಡು ಕರೆಂಟ್ ಫ್ಯಾನುಗಳು ತಾವಾಗಿಯೇ ಗುಂಯ್ ಎಂದು ತಿರುಗಬೇಕು. ಅವಳ ಕಿವಿ ಆ ಸದ್ದಿಗೆ ಕಾಯುತ್ತಿತ್ತು. ಮಾವಿನಹಣ್ಣಿನ ಕಾಲದಲ್ಲಿ ದಾರಿಯುದ್ದಕ್ಕೂ ರಾಶಿ ಹಾಕಿ ಮಾರುತ್ತಿದ್ದರೂ ಅತ್ತೆ ವ್ಯಾನಿನೊಳಗೆ ಒಂದು ಹೋಳೂ ಮುಟ್ಟುತ್ತಿರಲಿಲ್ಲ. ಒಳಗೆ ಕೂತವರು ಯಾರೂ ಹಣ್ಣು ತಿನ್ನಬಾರದೆಂದು ಡಾಕ್ಟರು ಹೇಳಿದ್ದರು.

ಒಂದು ಬೇಸಿಗೆಯಲ್ಲಿ ಆಸ್ಪತ್ರೆಯ ಯಂತ್ರ ಕೆಟ್ಟು ಒಂದು ಸರದಿ ತಪ್ಪಿಹೋಯಿತು. ಮುಂದಿನ ಸರದಿಯ ಹೊತ್ತಿಗೆ ಅಪ್ಪನ ಮುಖ ಊದಿತ್ತು, ಕೂತಲ್ಲೇ ಏದುಸಿರು. ಅವತ್ತು ನಾನೂ ಜೊತೆಗೆ ಹೋದೆ. ಮುಳಬಾಗಿಲು ಹತ್ತಿರವಾಗುತ್ತಿದ್ದಂತೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಫ್ಯಾನಿನ ಸದ್ದೇ ಇಲ್ಲ. ಅತ್ತೆ ಗಾಡಿ ಪಕ್ಕಕ್ಕೆ ಹಾಕಿ ಫ್ಯೂಸು ಬದಲಿಸಿದಳು. ಅದೂ ಕ್ಷಣದಲ್ಲೇ ಸುಟ್ಟುಹೋಯಿತು.

ಎಂಜಿನ್ ಒಂದಿಷ್ಟು ಆರಿದ ಮೇಲೆ, "ಓಡ್ತಾ ಇದ್ರೆ ಎದುರುಗಾಳೀನೇ ಫ್ಯಾನು. ಎಲ್ಲೂ ನಿಲ್ಲಬಾರ್ದು, ಅಷ್ಟೆ" ಎಂದು ಹೊರಟಳು. ಊರೊಳಗೆ ಹೋದರೆ ರಸ್ತೆಯೇ ಇರಲಿಲ್ಲ. ಯಾರೋ ಮುಖಂಡರ ಮೆರವಣಿಗೆ. ಕ್ರೇನಿನಲ್ಲಿ ಆಳೆತ್ತರದ ಸೇಬಿನ ಹಾರ ತೂಗುತ್ತಿತ್ತು. ಅಡ್ಡ ಇಟ್ಟ ಬ್ಯಾರಿಕೇಡಿನ ಹಿಂದೆ ಗಾಡಿಗಳು ಇಂಚಿಂಚು ತೆವಳುತ್ತಿದ್ದವು, ನಮ್ಮ ಮುಳ್ಳು ಕೆಂಪಿಗೆ ಮುಟ್ಟುತ್ತಿತ್ತು. ಅತ್ತೆ ಹೀಟರ್ ಪೂರ್ತಿ ತಿರುಗಿಸಿದಳು.

"ಈ ಬಿಸಿಲಲ್ಲಿ ಹೀಟರೇನಮ್ಮ?" ಎಂದರು ಹಿಂದಿನ ಸೀಟಿನ ಮುದುಕರು.

"ಎಂಜಿನ್ ಬಿಸಿ ಹೊರಕ್ ಬರ್ಲಿ ತಾತ. ಒಂದ್ ಗಳಿಗೆ ತಡ್ಕೊಳಿ."

ಅದೂ ಸಾಲಲಿಲ್ಲ. ಎಂಜಿನ್ ಆರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದಳು. ನಾನು ಹಿಂದೆಯೇ ಓಡಿದೆ. ಹೆಗಲಿಗೆ ಶಾಲು ಹಾಕಿದ್ದ ಒಬ್ಬ ತಡೆದು, "ಅಲ್ಲೇ ಇರಕ್ಕ, ಸಾಹೇಬ್ರು ಹೋಗೋವರ್ಗೂ ಯಾರ್ನೂ ಬಿಡಲ್ಲ" ಅಂದ. ಕೋಪ ಬಂದರೆ ಅತ್ತೆಯ ಮಾತು ತೆಲುಗಿಗೆ ಹೊರಳುತ್ತಿತ್ತು. "ಚೆಪ್ಪಡಾನಿಕಿ ನುವ್ವೆವರ್ರಾ?" ಹೇಳೋಕೆ ನೀನ್ಯಾರು ಎಂದು ಕೇಳಿ, ಅವನನ್ನು ದಾಟಿ ಕ್ರೇನಿನ ಮುಂದೆಯೇ ಹೋಗಿ ನಿಂತಳು. ಡೊಳ್ಳಿನವರು ನಿಲ್ಲಿಸಿಬಿಟ್ಟರು.

ತೆರೆದ ಜೀಪಿನಲ್ಲಿ ನಿಂತಿದ್ದ ಮುಖಂಡರಿಗೆ ಅವಳು ಕೈ ಮುಗಿಯಲಿಲ್ಲ. "ನನ್ ಗಾಡೀಲಿ ನಾಲ್ಕು ಜನ ಡಯಾಲಿಸಿಸ್‌ನೋರು ಅವ್ರೆ. ಮೈಯಾಗೆ ನೀರು ತುಂಬ್ಕೊಂಡೈತೆ. ದಾರಿ ಬಿಡ್ಸಿ. ಇಲ್ಲಾಂದ್ರೆ ನೀವು ಇಳಿದು ಅವ್ರನ್ನ ಈ ಜೀಪಲ್ಲಿ ಕೂರಿಸ್ಕೊಂಡು ಹೋಗಿ."

ಬಿಸಿಲಲ್ಲಿ ನಿಂತಿದ್ದ ಪೊಲೀಸಿನವನೇ ಮೊದಲು ಬ್ಯಾರಿಕೇಡಿಗೆ ಕೈ ಹಾಕಿದ. ಕ್ರೇನು ಹಿಂದೆ ಸರಿಯಿತು. ಹಾರದ ಕೆಳಗೇ ವ್ಯಾನು ಹಾದುಹೋಯಿತು. ಹೆದ್ದಾರಿಗೆ ಬಿದ್ದು ಗಾಳಿ ನುಗ್ಗಿದ ಮೇಲೆ ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಆಸ್ಪತ್ರೆಯ ಬಾಗಿಲವರೆಗೂ ಅತ್ತೆ ಬ್ರೇಕು ತುಳಿದದ್ದು ಕಡಿಮೆ. ಅಪ್ಪನ ಹಾಸಿಗೆಯನ್ನು ಇನ್ನೂ ಬೇರೆಯವರಿಗೆ ಕೊಟ್ಟಿರಲಿಲ್ಲ.

ಸಂಜೆ ಎಲೆಕ್ಟ್ರಿಷಿಯನ್ ಫ್ಯಾನಿನ ಉರಿದುಹೋದ ಮೋಟಾರು, ವೈರು ಬದಲಿಸಿದ. ಅತ್ತೆ ಅವನ ಹತ್ತಿರ ಸ್ಟೇರಿಂಗಿನ ಪಕ್ಕ ಒಂದು ಸ್ವಿಚ್ಚನ್ನೂ ಹಾಕಿಸಿದಳು. "ಅದಕ್ಕೆ ಮನಸ್ಸು ಬಂದಾಗ ತಿರುಗೋದು ಸಾಕು. ಇನ್ಮೇಲೆ ನಾನ್ ಹೇಳ್ದಾಗ ತಿರುಗ್ಲಿ."

ಹಲವು ವರ್ಷಗಳ ಮೇಲೆ, ಕೊನೆಗೊಮ್ಮೆ ಅಪ್ಪ ಹೋದರು. ಮಣ್ಣು ಮಾಡಿದ ಮಾರನೆಯ ದಿನವೇ ಡಯಾಲಿಸಿಸ್ ಸರದಿ ಇತ್ತು. ಬೆಳಿಗ್ಗೆ ಅತ್ತೆ ಕೀಲಿ ಕೈಗೆತ್ತಿಕೊಂಡಳು. ಸೂತಕದ ಮನೆಯವಳು ಹೀಗೆ ಊರೂರು ಅಲೆಯಬಾರದು ಎಂದು ದೊಡ್ಡವರು ಬಾಗಿಲಿಗೆ ಅಡ್ಡ ನಿಂತರು. "ಸೂತಕ ನಂಗೆ. ಅವ್ರ ರಕ್ತಕ್ಕೆ ಅಲ್ಲ" ಎಂದು ಅವರ ನಡುವೆಯೇ ದಾಟಿ ಹೋದಳು. ಮೊದಲ ಊರಿನ ಮುದುಕರು ಇವತ್ತು ವ್ಯಾನು ಬರುವುದಿಲ್ಲವೆಂದು ಬಾಗಿಲು ಹಾಕಿಕೊಂಡು ಮಲಗಿದ್ದರಂತೆ. ಅತ್ತೆ ಬಾಗಿಲು ತಟ್ಟಿ ಎಬ್ಬಿಸಿದಳಂತೆ. ದಾರಿಯಲ್ಲಿ ಅತ್ತಳು, ಆದರೆ ಗಾಡಿ ನಿಲ್ಲಿಸಲಿಲ್ಲ ಎಂದು ಅವರೇ ನನಗೆ ಹೇಳಿದರು.

ಹೋದ ಚಳಿಗಾಲದಲ್ಲಿ ಎದೆನೋವು ಬಂದು ಅತ್ತೆಯೂ ಹೋದಳು. "ಗಂಡಸಿನ ಹಂಗೆ ಬಾಳಿದ್ಲು" ಎಂದು ಅವಳ ಮೈದುನ ಎಲ್ಲರೆದುರು ಹೊಗಳಿದ. ಇಲ್ಲ, ಅವಳು ಅವಳ ಹಾಗೇ ಬಾಳಿದಳು ಎಂದು ನಾನು ಅಲ್ಲೇ ಹೇಳಿದೆ. ಯಾರಿಗೂ ಹಿಡಿಸಲಿಲ್ಲ.

ಕಿಡ್ನಿ ಕೈಕೊಟ್ಟಾಗಲೇ ಅಪ್ಪನಿಗೆ ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ್ದರು. ಆಗ ನನ್ನ ಮಗಳು ಹುಟ್ಟಿರಲಿಲ್ಲ. ಮುಂದೆ ಅವಳಿಗೆ ಅಕ್ಷರ ತಿದ್ದಿಸಿದ್ದೂ ಅಪ್ಪನೇ. ಇವತ್ತಿಗೂ ತಾತ ಹೇಗೆ ಕೆಮ್ಮುತ್ತಿದ್ದರು, ಹೇಗೆ ಗದರುತ್ತಿದ್ದರು ಎಂದು ಅವಳು ಮಾಡಿ ತೋರಿಸಿ ನಗಿಸುತ್ತಾಳೆ. ಆ ನಗು ಅತ್ತೆ ಕೊಟ್ಟದ್ದು.