ಅವ್ವನಿಗೆ ಬಂದ ಜಾಹೀರಾತು

ನಾಶಿಕದ ಆಸ್ಪತ್ರೆಯಲ್ಲಿ ಅವ್ವ ಮಲಗಿದ್ದಾಗ ಅವಳ ಫೋನಿನಲ್ಲೇ ನಾನು ಅವಳ ರೋಗದ ಬಗ್ಗೆ ಹುಡುಕುತ್ತಿದ್ದೆ. ಮೊದಮೊದಲು ಔಷಧಿಗಳ ಜಾಹೀರಾತುಗಳು ಬರುತ್ತಿದ್ದವು. "ಕೊನೆಯ ಹಂತ" ಎಂದು ಹುಡುಕಿದ ಮೇಲೆ, ಗೋದಾವರಿಯಲ್ಲಿ ಅಸ್ಥಿ ವಿಸರ್ಜನೆ ಮಾಡಿಸುವ ಪ್ಯಾಕೇಜು ಬಂತು. ಡಾಕ್ಟರು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆ ಹಾಳು ಫೋನಿಗೆ ಅವಸರ.

ಅವ್ವ ಅದನ್ನು ನೋಡಿಬಿಟ್ಟಳು. ಅಳಲಿಲ್ಲ, ಸಿಟ್ಟಾದಳು.

"ನಾವು ಲಿಂಗಾಯತರು, ಹೂಳ್ತೀವಿ. ನಮ್ಮಲ್ಲಿ ಸುಡಂಗಿಲ್ಲ ಅಂತ ಅದಕ್ಕ ತಿಳಿಸಿ ಹೇಳು."

ಅದಕ್ಕೆ ಹೇಳಲು ನನಗೆ ಗೊತ್ತಿದ್ದ ದಾರಿ ಒಂದೇ. ಅವಳೆದುರೇ "ನಾಶಿಕದಲ್ಲಿ ಲಿಂಗಾಯತರ ರುದ್ರಭೂಮಿ" ಎಂದು ಹುಡುಕಿದೆ.

ಸಂಜೆಯ ಹೊತ್ತಿಗೆ ಸಮಾಧಿ ಕಲ್ಲುಗಳ ಜಾಹೀರಾತು ಬಂತು. ಅವ್ವ ಕನ್ನಡಕ ಹಾಕಿಕೊಂಡು ಒಂದೊಂದಾಗಿ ಸರಿಸಿ ನೋಡಿದಳು. ಕೊನೆಗೆ ಒಂದು ಕರಿಕಲ್ಲಿನ ಮೇಲೆ ಬೆರಳಿಟ್ಟು, "ಇದು ಛಲೋ ಅದ" ಅಂದಳು.