ನೋಯ್ತಾ ಎಂದು ಕೇಳುತ್ತಿದ್ದ ಮೇಸ್ತ್ರಿ

ಅವರ ಕನ್ನಡಕ ಎಷ್ಟು ಒರೆಸಿದರೂ ಮಸುಕು. ಫ್ಲೋರಿನ್ ಆಸಿಡ್ಡಿನ ಹೊಗೆ ಗಾಜನ್ನೇ ತಿಂದಿತ್ತು. ಮಾಲೂರಿನ ಔಷಧಿ ಕಾರ್ಖಾನೆಯೊಂದರಲ್ಲಿ ಅವರು ಶಿಫ್ಟ್ ಮೇಸ್ತ್ರಿ. ನಾನು ಅಲ್ಲಿನ ಖಾಲಿ ಡ್ರಮ್ಮು ಕೊಳ್ಳುವವನು.

"ಫ್ಲೋರಿನ್ ಸೇರಿದ್ರೆ ಔಷಧಿ ಮೈಯಲ್ಲಿ ನಿಂತು ಕೆಲ್ಸ ಮಾಡತ್ತೆ. ಮಾತ್ರೆ ಆಗೋವರ್ಗೂ ಮಾತ್ರ ಇದನ್ನ ನಂಬಬೇಡ" ಎನ್ನುತ್ತಿದ್ದರು.

ಯಾರೇ ಎದುರಾದರೂ ಬೆರಳ ತುದಿ ಹಿಡಿದು ಒತ್ತುವರು. "ಏಮಿರಾ, ನೋಯ್ತಾ?" ಮುಳಬಾಗಿಲು ಕಡೆಯವರು, ಮಾತಿಗೆ ತೆಲುಗು ನುಸುಳುತ್ತಿತ್ತು. ನೋಯುತ್ತದೆ ಎಂದರೆ ಅವರಿಗೆ ನೆಮ್ಮದಿ.

ಒಂದು ಮಧ್ಯಾಹ್ನ ನಮ್ಮ ವ್ಯಾನಿಗೆ ಡ್ರಮ್ಮು ಏರಿಸಿದ ನನ್ನ ತಮ್ಮ ಕೈ ತೊಳೆದು ಊಟಕ್ಕೆ ಕೂತಿದ್ದ. ಮೇಸ್ತ್ರಿ ಬೆರಳು ಒತ್ತಿದರು.

"ನೋವಿಲ್ಲ ಮೇಸ್ತ್ರಿ, ಸ್ವಲ್ಪ ಜುಮ್ಮಂತೈತೆ."

ಅವರು ತಟ್ಟೆ ತಳ್ಳಿದರು. "ಏಳ್ಲಾ! ಆ ಆಸಿಡ್ಡು ಮೊದ್ಲು ನೋವೇ ತೋರ್ಸಲ್ಲ, ಜೋಮು ಹಿಡ್ಸಿ ಒಳಕ್ಕಿಳೀತೈತೆ! ಮೂಳೆಗೆ ಹೋಗತ್ತೆ!"

ನಲ್ಲಿಯಡಿ ಕೈ ಹಿಡಿಸಿ, ಕಾರ್ಖಾನೆಯ ತುರ್ತು ಔಷಧಿ ಪೆಟ್ಟಿಗೆಗೆ ಓಡಿದರು. ಖಾಲಿ. ಸ್ವಂತಕ್ಕೆಂದು ಬೆಂಗಳೂರಿನಿಂದ ತರಿಸಿ ಜೇಬಿನಲ್ಲಿಟ್ಟಿದ್ದ, ಆ ಆಸಿಡ್ಡಿನ ವಿಷ ಮುರಿಯುವ ಕ್ಯಾಲ್ಸಿಯಂ ಜೆಲ್ ಟ್ಯೂಬನ್ನು ಕೊನೆಯವರೆಗೂ ಹಿಂಡಿ ಉಜ್ಜಿದರು. ಬೆರಳು ಉಳಿದವು.

"ನಿಮಗೆ?" ಎಂದೆ.

"ಇನ್ನೊಂದು ತರ್ಸ್ತೀನಿ ಬಿಡಪ್ಪಾ."

ಅದು ಬರುವ ಮೊದಲೇ ಪೈಪಿನ ಜೋಡಣೆ ಬಿಟ್ಟು ಆಸಿಡ್ಡು ಅವರ ಎದೆಗೆ ಚಿಮ್ಮಿತು. ಔಷಧಿ ಪೆಟ್ಟಿಗೆ ಇನ್ನೂ ಖಾಲಿ. ನನ್ನ ತಮ್ಮನೇ ಅವರನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ಕೋಲಾರದ ಆಸ್ಪತ್ರೆಗೆ ಹೊರಟ. ನಾನು ಬೈಕಿನಲ್ಲಿ ಮಾಲೂರಿನ ಅಂಗಡಿ ಅಂಗಡಿ ಹತ್ತಿ ಇಳಿದೆ. ಹುಟ್ಟಿದಾಗಿನಿಂದ ಚೌಕಾಸಿ ಮಾಡಿದವನು ನಾನು. ಅಂದು ಬೆಲೆಯನ್ನೇ ಕೇಳಲಿಲ್ಲ.

"ಕ್ಯಾಲ್ಸಿಯಂ ಜೆಲ್ಲಾ? ಮಾತ್ರೆ ಐತಣ್ಣ, ಕೊಡ್ಲಾ?"

"ಏನ್ ಕೇಳಿದ್ರೂ ಕೊಡ್ತೀನಿ, ಹುಡುಕಯ್ಯಾ!"

"ಇದ್ರೆ ತಾನೇ ಕೊಡೋದು?"

ಕೊನೆಗೆ ಮಾತ್ರೆಯನ್ನೇ ಕೊಂಡೆ, ಪುಡಿ ಮಾಡಿ ಹಚ್ಚೋಣವೆಂದು. ಕೋಲಾರದ ರಸ್ತೆಯಲ್ಲಿ ಅರ್ಧ ದಾರಿ ಹೋಗಿರಲಿಲ್ಲ, ತಮ್ಮನ ಫೋನು ಬಂತು.

"ಅಣ್ಣಾ, ಬೇಡ. ನಿಧಾನವಾಗಿ ಬಾ."

ಅಂಥ ಕೆಲಸಕ್ಕೆ ಸೇರುವವರಿಗೆ ನನ್ನದೊಂದು ಮಾತು: ಸಂಬಳ ಆಮೇಲೆ ಮಾತಾಡಿ. ಆ ಟ್ಯೂಬು ಎಲ್ಲಿದೆ ಎಂದು ಮೊದಲು ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ.

ಈಗ ತಮ್ಮ ಊಟಕ್ಕೆ ಕೂತಾಗಲೆಲ್ಲ ಅವನ ಬೆರಳ ತುದಿ ಹಿಡಿದು ಬಲವಾಗಿ ಒತ್ತುತ್ತೇನೆ.

"ನೋಯ್ತೈತೆ, ಬಿಡಣ್ಣ" ಎಂದು ಕೈ ಕಿತ್ತುಕೊಳ್ಳುತ್ತಾನೆ.

ನೋಯಲಿ.