ಮೊಳೆಗೆ ತೂಗುಹಾಕಿದ ಕುಬ್ಬೂಸ್

ಸೌದಿಯ ಜಿದ್ದಾದ ನಮ್ಮ ಕಟ್ಟಡದಲ್ಲಿ ಯಾರೂ ಕುಬ್ಬೂಸನ್ನು ಕಸದ ಜೊತೆ ಎಸೆಯುವುದಿಲ್ಲ. ಉಳಿದ ಈ ಅರಬ್ ರೊಟ್ಟಿಯನ್ನು ಬೇರೆ ಚೀಲದಲ್ಲಿ ಕಟ್ಟಿ, ಬೀದಿಯ ಕಸದ ತೊಟ್ಟಿಯ ಪಕ್ಕದ ಗೋಡೆಯ ಮೊಳೆಗೆ ತೂಗುಹಾಕುತ್ತೇವೆ. ಆಡು ಸಾಕುವವರು ಬಂದು ಒಯ್ಯುತ್ತಾರೆ. ನೆಲಕ್ಕೆ ಬಿದ್ದ ತುಂಡನ್ನು ಎತ್ತಿ, ತುಟಿಗೆ ಮುಟ್ಟಿಸಿ, ಯಾರ ಕಾಲೂ ತಾಗದಂತೆ ಎತ್ತರದಲ್ಲಿಡುವುದು ಇಲ್ಲಿಯವರ ಕ್ರಮ. ನನಗೆ ಇದನ್ನು ಕಲಿಸಿದವರು ಮೇಲಿನ ಮನೆಯ ಅಕ್ಕ. ಉಡುಪಿ ಕಡೆಯವರು, ನನ್ನಂತೆಯೇ ಕಾನ್ವೆಂಟಿನಲ್ಲಿ ಓದಿದವರು. ಹೊಸದಾಗಿ ಬಂದು ನಾನು ಜ್ವರದಲ್ಲಿ ಮಲಗಿದ್ದಾಗ ಗಂಜಿ ತಂದು ಪಕ್ಕದಲ್ಲಿ ಕೂತು ಉಣಿಸಿದವರು. ನನ್ನ ಗಂಡನಿಗೆ ಇಲ್ಲಿ ಕೆಲಸ ಕೊಡಿಸಿದ್ದು ಅವರ ಗಂಡ.

ನಮ್ಮ ಅಡುಗೆಮನೆಯ ಕಿಟಕಿಯಿಂದ ಆ ಮೊಳೆ ಕಾಣುತ್ತದೆ. ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಾ ನೋಡಿದೆ. ಅಕ್ಕನ ಮನೆಕೆಲಸದವಳು, ಕಡಪದ ಕಡೆಯ ಹೆಂಗಸು, ಕಸ ಹಾಕಲು ಇಳಿದಿದ್ದಳು. ಕಟ್ಟಡಕ್ಕೆ ಬೆನ್ನು ಹಾಕಿ ನಿಂತಿದ್ದಳು. ಚೀಲದ ಗಂಟು ಬಿಗಿಯುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಅವಳ ಕಿವಿಯ ಕೆಳಗೆ ದವಡೆ ಆಡುವುದು ಕಂಡಿತು. ಕುಬ್ಬೂಸಿನ ಒಣಗಿ ಸುರುಟಿದ ಅಂಚುಗಳನ್ನು ಮುರಿದು ಬಾಯಿಗಿಟ್ಟು, ಮೆತ್ತಗಾಗಲೆಂದು ಕಾದು, ನುಂಗುತ್ತಿದ್ದಳು.

ಅದಕ್ಕೆ ಸ್ವಲ್ಪ ದಿನ ಮುಂಚೆ ಅಕ್ಕನ ಮನೆಯಲ್ಲಿ ಚಹಾಕ್ಕೆ ಕೂತಿದ್ದು ನೆನಪಾಯಿತು. ಅವರ ಮಗಳು ಇನ್ನೂ ಶಾಲೆಗೆ ಸೇರದ ಕೂಸು. ತನ್ನ ಕೈಯ ಬನ್ಸನ್ನು ಮುರಿದು, ನೆಲ ಒರೆಸುತ್ತಿದ್ದ ಆ ಹೆಂಗಸಿನ ಬಾಯಿಗೆ ಅರ್ಧ ತುರುಕಿತು. ಹೆಂಗಸು ಬಾಯಿ ಮುಚ್ಚಲೂ ಇಲ್ಲ, ಅಗಿಯಲೂ ಇಲ್ಲ, ಅಕ್ಕನ ಮುಖ ನೋಡಿದಳು.

“ಛೀ, ಹಾಗೆ ಕೊಡ್ಬಾರ್ದು ಪುಟ್ಟಿ, ಅಭ್ಯಾಸ ಆಗ್ತದೆ” ಎಂದ ಅಕ್ಕ ನನ್ನತ್ತ ತಿರುಗಿ ನಕ್ಕರು. “ಹೊಟ್ಟೆ ತುಂಬಿದ್ರೆ ಇವಳಿಗೆ ನಿದ್ದೆ ಬರುದು ಮಾರಾಯ್ತಿ. ರಾತ್ರಿ ನಮ್ಮದೆಲ್ಲ ಆದ ಮೇಲೆ ಕೊಡುದು.”

ಕಿಟಕಿಯಲ್ಲಿ ಕಂಡದ್ದನ್ನು ಸಂಜೆ ಗಂಡನಿಗೆ ಹೇಳಿದೆ.

“ನಮಗೆಂತಕ್ಕೆ? ಅವಳ ಇಕಾಮಾ, ವೀಸಾ ಎಲ್ಲ ಇರುದು ಅವರ ಕೈಯಲ್ಲಿ. ನನ್ನ ಕೆಲಸ ಇರುದೂ ಅವರ ಕೈಯಲ್ಲಿ.”

“ಹಸಿವು ಅಲ್ವಾ?”

“ಹೌದು. ಅದಕ್ಕೆ?” ಎಂದವರು ಊಟ ಮುಂದುವರಿಸಿದರು. ಆದರೆ ಕೊನೆಯ ಚಪಾತಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು.

ಮಾರಲ್ ಸೈನ್ಸ್ ಪೀರಿಯಡ್‌ನಲ್ಲಿ ನಮ್ಮ ಸಿಸ್ಟರ್ ಹೇಳುತ್ತಿದ್ದರು, ಪ್ರತಿ ಮಗುವಿನೊಳಗೂ ದೇವರು ಒಂದು ಗಂಟೆ ಕಟ್ಟಿ ಕಳಿಸಿರುತ್ತಾನೆ, ತಪ್ಪು ಕಂಡಾಗ ಅದು ತಾನಾಗಿ ಮೊಳಗುತ್ತದೆ ಎಂದು. ಅಕ್ಕನೂ ಅಂಥದ್ದೇ ಬೆಂಚಿನಲ್ಲಿ ಕೂತು ಅದನ್ನೇ ಕೇಳಿರಬೇಕು. ರೊಟ್ಟಿ ನೆಲಕ್ಕೆ ಬಿದ್ದರೆ ಅವರ ಮುಖ ನಿಜಕ್ಕೂ ಬಾಡುತ್ತಿತ್ತು, ಅದು ನಟನೆಯಲ್ಲ. ಹಾಗಾದರೆ ಅವರೊಳಗಿನ ಗಂಟೆ ಕೆಟ್ಟಿತ್ತೇ, ಅಥವಾ ಯಾವುದಕ್ಕೆ ಮೊಳಗಬೇಕೆಂದು ಯಾರೋ ಅದಕ್ಕೆ ಕಲಿಸಿಟ್ಟಿದ್ದರೇ? ನನ್ನದು ಮಾತ್ರ ದೇವರೇ ಕಟ್ಟಿದ್ದು ಎಂದು ಹೇಗೆ ನಂಬಲಿ? ಸಿಸ್ಟರ್ ಕಟ್ಟಿದ್ದಿರಬಹುದು. ಆ ಕೂಸಿಗೆ ಬನ್ಸು ಮುರಿಯಲು ಮಾತ್ರ ಯಾರೂ ಕಲಿಸಿರಲಿಲ್ಲ.

ಮರುದಿನದಿಂದ ಅವಳು ಇಳಿಯುವ ಹೊತ್ತಿಗೆ ಸ್ವಲ್ಪ ಮುಂಚೆ ನಾನು ಚೀಲ ತೂಗುಹಾಕತೊಡಗಿದೆ. ಮೇಲೆ ಒಣ ಕುಬ್ಬೂಸ್, ಅಡಿಯಲ್ಲಿ ಬಿಸಿ ಚಪಾತಿ, ಪಲ್ಯ, ಕೆಲವೊಮ್ಮೆ ಬೇಯಿಸಿದ ಮೊಟ್ಟೆ. ನಾವು ಮಾತಾಡಲಿಲ್ಲ. ಒಮ್ಮೆ ಕೈ ಒರೆಸಿಕೊಂಡು ನನ್ನ ಕಿಟಕಿಯತ್ತ ನೋಡಿದಳು, ಅಷ್ಟೇ.

ಕೆಲಸ ಕೆಟ್ಟದ್ದು ಬಂಗುಡೆ ಮೀನಿನಿಂದ. ಆ ದಿನ ಪುಳಿಮುಂಚಿ ಮಾಡಿದ್ದೆ. ಒಳ್ಳೆಯದಾಗಿತ್ತು, ಅವಳಿಗೂ ಇರಲಿ ಎಂದು ಚೀಲದಲ್ಲಿ ಇಟ್ಟೆ. ಹುಳಿ, ಮೆಣಸು, ತೆಂಗಿನೆಣ್ಣೆಯ ಆ ವಾಸನೆ ಕೈಬೆರಳಿಂದಲೇ ಬೇಗ ಹೋಗುವುದಿಲ್ಲ. ಹಾಗೆ ಮೀನು ಮಾಡುವ ಮನೆ ಕಟ್ಟಡದಲ್ಲಿ ಎರಡೇ, ನನ್ನದು ಮತ್ತು ಅಕ್ಕನದು. ಅದು ನನಗೆ ಹೊಳೆಯಲೇ ಇಲ್ಲ.

ಸಂಜೆ ಅಕ್ಕ ಬಂದರು. ಕೋಪವಿರಲಿಲ್ಲ.

“ಅವಳ ಬಾಯಿ ಮೂಸಿದೆ ಮಾರಾಯ್ತಿ. ನನ್ನ ಫ್ರಿಜ್ಜಿನಲ್ಲಿ ಮೀನೇ ಇಲ್ಲ. ಮತ್ತೆ ನಿನ್ನ ಪುಳಿಮುಂಚಿ ನಂಗೆ ಗೊತ್ತಾಗುದಿಲ್ವಾ?”

“ಅವಳಿಗೆ ಹೊಟ್ಟೆಗೆ ಸಾಕಾಗುವುದಿಲ್ಲ ಅಕ್ಕ. ನೀವೇ ಒಂದು ಹೊತ್ತು ಜಾಸ್ತಿ ಕೊಡಿ.”

“ನೀನು ಪಾಪ, ಮೆತ್ತಗಿನವಳು. ನಿನ್ನ ಮನೆಯಲ್ಲಿ ಕೆಲಸದವಳಿಲ್ಲ, ನಿಂಗೆ ಗೊತ್ತಾಗ್ಲಿಕ್ಕಿಲ್ಲ. ಇನ್ನೊಬ್ಬರ ಮನೆ ಹೆಂಗಸಿಗೆ ಕದ್ದು ತಿನ್ಲಿಕ್ಕೆ ಕಲಿಸುದು ಸರಿಯಾ, ಹೇಳು?”

ಇಲ್ಲಿನ ನಮ್ಮೂರ ಹೆಂಗಸರಲ್ಲಿ ವಿಷಯ ಹರಡಿತು. ಎಲ್ಲರೂ ಒಳ್ಳೆಯವರು, ಎಲ್ಲರೂ ಅದನ್ನೇ ಹೇಳಿದರು: ತಪ್ಪು ನನ್ನದೇ. ಆಮೇಲೆ ಆ ಹೆಂಗಸು ಕೆಳಗೆ ಇಳಿಯಲಿಲ್ಲ. ಕಸವನ್ನು ಅಕ್ಕನೇ ತರುತ್ತಾರೆ. ಮೇಲೆ ಬಕೆಟ್ ಎಳೆಯುವ ಸದ್ದು ಮಾತ್ರ ಕೇಳುತ್ತದೆ. ಅದು ನಿಂತು ನಿಂತು ಕೇಳುತ್ತದೆ.

ಮೊನ್ನೆ ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದರು. ಅಕ್ಕ ಫೋನಿನಲ್ಲಿದ್ದಾಗ ನಾನು ಕೂಸಿನ ಕೈಗೆ ಎರಡು ಬನ್ಸ್ ಕೊಟ್ಟು, “ಒಂದು ನಿಂಗೆ, ಒಂದು ನಿಮ್ಮನೆ ಕೆಲಸದವಳಿಗೆ, ಆಯ್ತಾ?” ಎಂದು ಪಿಸುಗುಟ್ಟಿದೆ.

ಕೂಸು ಒಂದನ್ನು ತಟ್ಟೆಗೆ ವಾಪಸ್ಸಿಟ್ಟಿತು. “ನೋ ಆಂಟಿ. ಅವಳಿಗೆ ಹ್ಯಾಬಿಟ್ ಆಗ್ತದೆ.”

ಇಡುವಾಗ ಒಂದು ಚೂರು ನೆಲಕ್ಕೆ ಬಿತ್ತು. ಕೂಸು ಬಗ್ಗಿ ಆ ಚೂರನ್ನು ಎತ್ತಿ, ತುಟಿಗೆ ಮುಟ್ಟಿಸಿ, ತುದಿಗಾಲಿನಲ್ಲಿ ನಿಂತು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿತು.